ಬಕೆಟ್ ಮೇಲೆ ಕೂತ ಅಪ್ಪ

ನಮ್ಮೂರಲ್ಲಿ ಮಗಳಿಗೆ ಸಾಫ್ಟ್‌ಬಾಲ್, ಅಂದರೆ ಹುಡುಗಿಯರ ಬೇಸ್‌ಬಾಲ್, ಎಸೆಯಲು ಕಲಿಸುವ ಅಪ್ಪಂದಿರು ಬಕೆಟ್ ಮೇಲೆ ಕೂರುತ್ತಾರೆ. ಗೋಡೆಗೆ ಬಳಿಯುವ ಬಣ್ಣ ತುಂಬಿ ಬರುತ್ತದಲ್ಲ, ಅಂಥ ದೊಡ್ಡ ಪ್ಲಾಸ್ಟಿಕ್ ಬಕೆಟ್. ಬಣ್ಣ ಮುಗಿದ ಮೇಲೆ ತೊಳೆದು, ಬೋರಲು ಹಾಕಿ, ಮೇಲೊಂದು ಹಳೆಯ ದಿಂಬು ಕಟ್ಟುತ್ತಾರೆ. ಚೆಂಡು ಬರುವುದು ಮೊಣಕಾಲಿನ ಎತ್ತರಕ್ಕೆ. ಅದನ್ನು ಹಿಡಿಯಲು ಕುಕ್ಕರುಗಾಲಲ್ಲಿ ಕೂರುವ ವಯಸ್ಸು ಅಪ್ಪಂದಿರದಲ್ಲ. ಬೇಸಿಗೆಯ ಸಂಜೆ ಚರ್ಚಿನ ಜೋಡಿ ಗೋಪುರದ ನೆರಳು ಬೀದಿಗೆ ಬಿದ್ದಾಗ ಹಿತ್ತಲು ಹಿತ್ತಲುಗಳಿಂದ ಗ್ಲೌಸಿಗೆ ಚೆಂಡು ಬಡಿಯುವ ಸದ್ದು ಕೇಳುತ್ತದೆ. ಠಪ್. ಸ್ವಲ್ಪ ಮೌನ. ಮತ್ತೆ ಠಪ್. ಕಾನ್ಸಾಸ್‌ನ ಗೋಧಿ ಹೊಲಗಳ ನಡುವಿನ ನಮ್ಮೂರಿಗೆ ಸಂಜೆಯಾಯಿತೆಂದು ತಿಳಿಯುವುದೇ ಹಾಗೆ.

ನನ್ನ ಅಪ್ಪ ಗೇಲನ್ ಲೈಕರ್ ಊರಿನ ಧಾನ್ಯದ ಕಣಜದಲ್ಲಿ ಕೆಲಸಕ್ಕಿದ್ದ. ರೈತರ ಟ್ರಕ್ಕುಗಳನ್ನು ತೂಕಕ್ಕೆ ಹತ್ತಿಸುವುದು, ಗೋಧಿಯ ತೇವ ನೋಡುವುದು. ಮನೆಗೆ ಬರುವಾಗ ಕಿವಿಯ ಮಡಿಕೆಗಳಲ್ಲೂ ಧೂಳು. ಊಟದ ಮೇಜಿನಲ್ಲಿ ಅವನ ಬಾಯಿಂದ ಉದುರುತ್ತಿದ್ದುದು "ಉಪ್ಪು ಕೊಡು" ಅನ್ನುವುದೊಂದೇ. ಆದರೆ ಬಕೆಟ್ ಮೇಲೆ ಕೂತನೆಂದರೆ ಬೇರೆ ಮನುಷ್ಯ. ಅತ್ತ ನನ್ನಕ್ಕ ಲೇನಿ ಗಾಳಿಯಂತ್ರದ ರೆಕ್ಕೆಯ ಹಾಗೆ ಬಲಗೈಯನ್ನು ಒಂದು ಸುತ್ತು ಸುತ್ತಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡುವಳು. ಇತ್ತ ಅಪ್ಪ ಹಿಡಿದು, ವಾಪಸ್ ಎಸೆಯುತ್ತ ಮಾತಿಗೆ ಶುರುಮಾಡುವನು.

"ಇವತ್ತು ಕಣಜಕ್ಕೆ ಯಾರು ಬಂದಿದ್ರು ಗೊತ್ತಾ?"

"ಯಾರು?"

"ಮೊದ್ಲು ಎಸೆ, ಆಮೇಲೆ ಹೇಳ್ತೀನಿ."

ಠಪ್.

"ಒಂದು ಬಾತುಕೋಳಿ. ಟ್ರಕ್ಕಲ್ಲಿ ಗೋಧಿ ರಾಶಿ ಮೇಲೆ ರಾಣಿ ಥರ ಕೂತಿತ್ತು. ಅದನ್ನೂ ಸೇರಿಸಿಯೇ ತೂಕ ಹಾಕ್ದೆ."

"ಬುರುಡೆ ಬಿಡಬೇಡಪ್ಪ."

"ಬುರುಡೆ ಆದ್ರೆ ಮುಂದಿನ ಚೆಂಡು ನನ್ನ ಹಲ್ಲಿಗೇ ಹೊಡಿ."

ಲೇನಿ ನಗುತ್ತ ಎಸೆಯುವಳು. ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಅಜ್ಜಿಯ ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತ ಕೂತು ಕೇಳುತ್ತಿದ್ದೆ. ಆ ಮಾತುಗಳೆಲ್ಲ ಲೇನಿಯವು. ನನಗೆ ಚೆಂಡು ಕಂಡರೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ನನ್ನ ಪಾಲಿಗೆ ಅಜ್ಜಿ ಸಿಕ್ಕಿದಳು, ಅಜ್ಜಿಯ ಕತೆಗಳು ಸಿಕ್ಕಿದವು.

ಅಜ್ಜಿಯ ಹೆಸರು ಒಟ್ಟೀಲಿಯಾ. ಅವಳ ಹಿರಿಯರು ವೋಲ್ಗಾ ನದಿಯ ದಂಡೆಯ ಬಯಲಿನಿಂದ ಗೋಧಿಯ ಬೀಜ ಕಟ್ಟಿಕೊಂಡು ಬಂದವರು. ಬೀಜದ ಜೊತೆ ಕತೆಗಳೂ ಬಂದಿರಬೇಕು. ನನಗೆ ಬಹಳ ಇಷ್ಟವಾಗಿದ್ದದ್ದು ಗಂಟೆ ಬಾರಿಸುವ ಹುಡುಗಿಯ ಕತೆ. ಆ ಬಯಲಿನಲ್ಲಿ ಹಿಮಗಾಳಿ ಎದ್ದರೆ ಹೊರಗೆ ಹೋದವರಿಗೆ ತಮ್ಮ ಅಂಗೈಯೂ ಕಾಣದು. ಆಗ ಚರ್ಚಿನ ಗಂಟೆ ಬಾರಿಸುತ್ತಾರೆ. ದಾರಿ ತಪ್ಪಿದವರು ಸದ್ದಿನ ಹಿಂದೆ ನಡೆದು ಮನೆ ಸೇರುತ್ತಾರೆ. ಒಂದು ಮಧ್ಯಾಹ್ನ ಹುಡುಗಿಯ ಅಪ್ಪ ಹುಲ್ಲು ತರಲು ಹೋದಾಗ ಗಾಳಿ ಎದ್ದಿತು. ಹುಡುಗಿ ಗೋಪುರ ಹತ್ತಿ ಹಗ್ಗ ಹಿಡಿದು ಬಾರಿಸಿದಳು. ಅಪ್ಪ ಸದ್ದು ಕೇಳಿದ, ಮನೆ ಸೇರಿದ. ಆದರೆ ಮೇಲೆ ಹತ್ತಿ "ಸಾಕು ಇಳಿಯಮ್ಮ" ಅನ್ನುವುದು ಯಾರಿಗೂ ನೆನಪಾಗಲಿಲ್ಲ.

"ಆಮೇಲೆ?" ಅಂತ ನಾನು ಪ್ರತಿಸಲ ಕೇಳುವೆ.

"ಆಮೇಲೇನು, ಬಾರಿಸ್ತಾನೇ ಇದ್ದಾಳೆ."

"ಅವಳಪ್ಪ ಏನ್ ಮಾಡ್ತಿದ್ದ ಆಗ?"

"ಅದು ನಿಂಗೀಗ ಬೇಡ. ಬೀನ್ಸ್ ಬಿಡಿಸು, ನಾರು ಉಳಿಸಬೇಡ."

ಲೇನಿಯ ಕೈ ಕಾಲೇಜಿನ ಬಾಗಿಲು ತೆರೆಯಬಲ್ಲದು ಎಂದು ಮೊದಲು ಹೇಳಿದವನು ಅವಳ ತಂಡದ ಕೋಚ್ ಸ್ಟೆಗ್ಮನ್. ಆಗ ಅವಳಿಗೆ ಹಲ್ಲಿಗೆ ತಂತಿ ಕಟ್ಟಿದ್ದ ವಯಸ್ಸು. "ಈ ಕೈ ನೋಡಿ ಗೇಲನ್, ಇದಕ್ಕೆ ಯಾವ ಕಾಲೇಜಾದ್ರೂ ಸ್ಕಾಲರ್‌ಶಿಪ್ ಕೊಡತ್ತೆ" ಎಂದಿದ್ದ. ಅವನು ಅದನ್ನು ಎಷ್ಟು ಅಪ್ಪಂದಿರಿಗೆ ಹೇಳಿದ್ದನೋ. ನಮ್ಮಪ್ಪ ಮಾತ್ರ ಅದನ್ನು ಪಾದ್ರಿಗಳ ಬಾಯಿಂದ ಬಂದ ಮಾತಿನ ಹಾಗೆ ಮನೆಗೆ ತಂದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿರಲಿಲ್ಲ. ಅಲ್ಲಿಂದ ಮುಂದೆ ಶನಿವಾರ, ಭಾನುವಾರಗಳು ನಮ್ಮವಾಗಿ ಉಳಿಯಲಿಲ್ಲ. ಒಂದೊಂದು ವಾರ ಒಂದೊಂದು ಊರಿನ ಪಂದ್ಯ. ಅಜ್ಜಿ ಪಕ್ಕದ ಮನೆಯವರ ಕಾರಿನಲ್ಲಿ ಚರ್ಚಿಗೆ ಹೋಗುವುದನ್ನು ರೂಢಿಮಾಡಿಕೊಂಡಳು. ನನ್ನ ಹುಟ್ಟುಹಬ್ಬದ ಕೇಕನ್ನು ಯಾವುದೋ ಮೈದಾನದ ಪಾರ್ಕಿಂಗ್ ಜಾಗದಲ್ಲಿ, ಟ್ರಕ್ಕಿನ ಹಿಂಬದಿ ಹಲಗೆ ಇಳಿಸಿ ಕತ್ತರಿಸಿದೆವು. ಅಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಹೆಚ್ಚಿನ ಪಾಳಿ ಹಿಡಿದಳು. ಯಾರೂ ಗೊಣಗಲಿಲ್ಲ. ಲೇನಿಯಂತೂ ಇಲ್ಲವೇ ಇಲ್ಲ.

ಎದುರು ಮನೆಯ ಡ್ವೇನ್ ವಾಸಿಂಜರ್ ಬೀದಿ ದಾಟಿ ಬಂದು ನಮ್ಮ ಬೇಲಿ ಹಿಡಿದು ನಿಂತು ನೋಡುತ್ತಿದ್ದ. ಅವನಿಗೂ ಒಬ್ಬಳು ಪುಟ್ಟ ಮಗಳಿದ್ದಳು.

"ಕೈ ನೋಯಲ್ವೇನೋ ಗೇಲನ್ ಇಷ್ಟು ಎಸೆದ್ರೆ?"

"ಬೇಸ್‌ಬಾಲ್ ಆಡೋ ಹುಡುಗ್ರಿಗೆ ನೋಯತ್ತೆ. ಅವರದು ಮೇಲಿಂದ ಎಸೆಯೋದು. ಅದಕ್ಕೇ ಅವರಿಗೆ ಇಷ್ಟೇ ಎಸೀಬೇಕು ಅಂತ ಕಟ್ಟುಪಾಡು. ಇದು ಕೆಳಗಿಂದ. ನಡೆಯುವಾಗ ಕೈ ಬೀಸಲ್ವಾ, ಹಾಗೇ. ದಿನವಿಡೀ ಎಸೆದ್ರೂ ಏನಾಗಲ್ಲ."

ಅಪ್ಪನೊಬ್ಬನ ನಂಬಿಕೆಯಲ್ಲ ಅದು. ಮೈದಾನದ ಕಟ್ಟೆಗಳ ಮೇಲೆ ಕೂತ ಎಲ್ಲ ಅಪ್ಪ ಅಮ್ಮಂದಿರೂ ಹಾಗೇ ಹೇಳುತ್ತಿದ್ದರು, ಕೋಚುಗಳೂ ಹೇಳುತ್ತಿದ್ದರು. ಗಂಡುಮಕ್ಕಳ ತಂಡದಲ್ಲಿ ಎಸೆಯುವ ಹುಡುಗನಿಗೆ ಬಿಡುವು ಕೊಡಲೇಬೇಕು. ಹೆಣ್ಣುಮಕ್ಕಳ ತಂಡದಲ್ಲಿ ಚೆನ್ನಾಗಿ ಎಸೆಯುವವಳು ಒಬ್ಬಳಿದ್ದರೆ ಬೆಳಗಿನ ಪಂದ್ಯಕ್ಕೂ ಅವಳೇ, ಮಧ್ಯಾಹ್ನಕ್ಕೂ ಅವಳೇ, ಸಂಜೆಗೂ ಅವಳೇ. ಡ್ವೇನ್ ತಲೆದೂಗಿದ. ಮುಂದಿನ ವಾರ ಅವನ ಹಿತ್ತಲಲ್ಲೂ ಒಂದು ಬಕೆಟ್ ಬಂತು.

ಲೇನಿಯ ಹದಿನೇಳನೆಯ ವಸಂತದಲ್ಲಿ, ಈಸ್ಟರ್ ಕಳೆದ ಮೇಲೆ, ಅವಳು ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದುದನ್ನು ನೋಡಿದೆ. ಆಮೇಲೆ ಒಂದು ಬೆಳಿಗ್ಗೆ ಬಾಚಣಿಗೆ ತಂದು ನನ್ನ ಮುಂದೆ ಕೂತಳು.

"ಜಡೆ ಹಾಕೇ ಜೋಸಿ."

"ನಿಂಗೆ ಕೈ ಇಲ್ವಾ?"

"ನೀನು ಚೆನ್ನಾಗಿ ಹಾಕ್ತೀಯ."

ಅವಳು ಹಾಗೆಲ್ಲ ನನ್ನನ್ನು ಹೊಗಳುವವಳಲ್ಲ. ಜಡೆ ಹೆಣೆಯುತ್ತ ಅವಳ ಮುಂದೋಳನ್ನು ಸುಮ್ಮನೆ ಮುಟ್ಟಿದೆ. ಬಿಸಿ ಪಾತ್ರೆ ತಾಗಿದವಳ ಹಾಗೆ ಎಳೆದುಕೊಂಡಳು.

"ಅಪ್ಪಂಗೆ ಹೇಳು ಲೇನಿ."

"ಹೇಳ್ತೀನಿ. ಡೆನ್ವರ್ ಪಂದ್ಯ ಮುಗೀಲಿ."

ಡೆನ್ವರ್‌ನ ಆ ಪಂದ್ಯಗಳಿಗೆ ಕಾಲೇಜಿನ ಕೋಚುಗಳು ಬರುತ್ತಾರೆ. ಸ್ಕಾಲರ್‌ಶಿಪ್ ಯಾರಿಗೆ ಅನ್ನುವುದೆಲ್ಲ ಅಲ್ಲೇ ಇತ್ಯರ್ಥ. ಅಲ್ಲಿಯವರೆಗೆ ಕಾಯುವುದು ನನ್ನಿಂದ ಆಗಲಿಲ್ಲ. ಗ್ಯಾರೇಜಿನಲ್ಲಿ ಟ್ರಕ್ಕಿನ ಎಣ್ಣೆ ಬದಲಿಸುತ್ತಿದ್ದ ಅಪ್ಪನ ಹತ್ತಿರ ಹೋಗಿ ಹೇಳಿಯೇಬಿಟ್ಟೆ. ಅಪ್ಪ ಟ್ರಕ್ಕಿನಡಿಯಿಂದ ಹೊರಗೆ ಜಾರಿ ಬಂದ. ಅವನ ಮುಖ ಬಿಳಿಚಿತ್ತು. ಕೈ ಒರೆಸಿಕೊಳ್ಳದೆ ಒಳಗೆ ನಡೆದ.

"ಲೇನಿ, ಕೈ ನೋಯ್ತಿದೆಯಂತೆ?"

ಲೇನಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ನಕ್ಕಳು. "ಯಾರು, ಜೋಸಿ ಹೇಳಿದ್ಲಾ? ಅವಳು ಅಜ್ಜಿ ಕತೆ ಕೇಳಿ ಕೇಳಿ ತಾನೂ ಕಟ್ಟೋದು ಕಲಿತಿದ್ದಾಳೆ. ನಿನ್ನೆ ಬೆಕ್ಕು ಮಾತಾಡ್ತು ಅಂದಿದ್ಲು."

"ನಾನು ಹಾಗಂದಿಲ್ಲ."

"ಸ್ವಲ್ಪ ಬಿಗಿದಿದೆ ಅಪ್ಪ, ಅಷ್ಟೇ. ಐಸ್ ಇಟ್ರೆ ಹೋಗತ್ತೆ."

ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿದ. ಅಷ್ಟು ನಿರಾಳವಾಗಿ ಉಸಿರು ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ. ಫ್ರಿಜ್ ತೆಗೆದು ತಾನೇ ಐಸ್ ತಂದು, ಬಟ್ಟೆಯಲ್ಲಿ ಸುತ್ತಿ, ಅವಳ ತೋಳಿಗೆ ಕಟ್ಟಿದ. ಅವನ ಬೆರಳಿನ ಎಣ್ಣೆ ಬಟ್ಟೆಗೆ ಅಂಟಿತು. ಲೇನಿ ತುಟಿ ಕಚ್ಚಿಕೊಂಡು, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು.

ಡೆನ್ವರ್ ಪಂದ್ಯಗಳು ಬಿದ್ದದ್ದು ಗೋಧಿ ಕೊಯ್ಲಿನ ವಾರ. ಕೊಯ್ಲಿನ ವಾರ ಕಣಜದ ಕೆಲಸದವನು ರಜೆ ಕೇಳುವುದೆಂದರೆ ನಮ್ಮೂರಲ್ಲಿ ಕೇಳಿರದ ಮಾತು. ಟ್ರಕ್ಕುಗಳು ಚರ್ಚಿನವರೆಗೆ ಸಾಲು ನಿಲ್ಲುವ ಹೊತ್ತು ಅದು. ಅಪ್ಪ ಕೇಳಿದ. ಯಜಮಾನ ಟೋಪಿ ಸರಿಮಾಡಿಕೊಂಡು ಹೂಂ ಅಂದನಂತೆ. ಊರು ಬಿಡುವಾಗ ಆ ಟ್ರಕ್ಕುಗಳ ಸಾಲಿನ ಪಕ್ಕದಲ್ಲೇ ಹೋಗಬೇಕಾಯಿತು. ರೈತರು ಕಿಟಕಿಯಿಂದ ಕೈ ಎತ್ತಿದರು. "ಗೆದ್ದು ಬಾರಮ್ಮ ಲೇನಿ" ಅಂತ ಒಬ್ಬ ಕೂಗಿದ. ಅವಳು ಎಡಗೈ ಎತ್ತಿದಳು. ಅಜ್ಜಿ ಕಟ್ಟಿಕೊಟ್ಟ ಎಲೆಕೋಸು ಮಾಂಸ ತುಂಬಿದ ಬನ್ನುಗಳು ನನ್ನ ಮಡಿಲಲ್ಲಿ ಬೆಚ್ಚಗಿದ್ದವು. ಹಿಂದೆ ಸಾಮಾನಿನ ನಡುವೆ ಅಪ್ಪನ ಬಕೆಟ್ ದಾರಿಯುದ್ದಕ್ಕೂ ಉರುಳಿ ಬಡಿಯುತ್ತಿತ್ತು.

ಮೈದಾನದಲ್ಲಿ ತಂತಿ ಬಲೆಯ ಹಿಂದೆ ಮಡಚುವ ಕುರ್ಚಿಗಳಲ್ಲಿ ಕಾಲೇಜಿನ ಕೋಚುಗಳು ಕೂತಿದ್ದರು. ಅವರು ಆಡುವ ಮಕ್ಕಳ ಹತ್ತಿರ, ಮನೆಯವರ ಹತ್ತಿರ ಅಲ್ಲಿ ಮಾತಾಡುವಂತಿಲ್ಲ, ಅದು ನಿಯಮ. ಹಾಗಾಗಿ ಅಪ್ಪ ಅಮ್ಮಂದಿರು ಹಕ್ಕಿ ಶಕುನ ನೋಡುವವರ ಹಾಗೆ ಅವರನ್ನೇ ನೋಡುತ್ತಿರುತ್ತಾರೆ. ಯಾರು ಎದ್ದರು, ಯಾರು ಕುರ್ಚಿ ಮುಂದಕ್ಕೆ ಎಳೆದುಕೊಂಡರು, ಯಾರು ವೇಗ ಅಳೆಯುವ ಯಂತ್ರ ಎತ್ತಿ ಹಿಡಿದರು. ಹಳದಿ ಟೋಪಿ ಹಾಕಿದ ಒಬ್ಬ ಹೆಂಗಸು ಬೆಳಗಿನ ಪಂದ್ಯದಲ್ಲಿ ಲೇನಿಯನ್ನು ಕೊನೆಯವರೆಗೂ ನೋಡಿದಳು. ಮಧ್ಯಾಹ್ನದ ಪಂದ್ಯಕ್ಕೆ ಬೇರೆ ಮೈದಾನಕ್ಕೆ ಹೋದಳು. ನೀರಿನ ಡಬ್ಬದ ಹತ್ತಿರ ಸ್ಟೆಗ್ಮನ್ ಅಪ್ಪನ ಕಿವಿಯಲ್ಲಿ ಏನೋ ಹೇಳಿದ. ಅಪ್ಪ ಲೇನಿಯ ಹತ್ತಿರ ಬಂದು ಮಂಡಿಯೂರಿ ಕೂತ.

"ಹಳದಿ ಟೋಪಿ ಸಂಜೆ ಪಂದ್ಯಕ್ಕೆ ವಾಪಸ್ ಬರ್ತಾಳಂತೆ. ನಿನಗೋಸ್ಕರವೇ. ಇನ್ನೊಂದು ಪಂದ್ಯ ಎಸೀತೀಯ?"

ಲೇನಿ ಬನ್ನು ಎಡಗೈಯಲ್ಲಿ ಹಿಡಿದಿದ್ದಳು. ಒಂದು ತುತ್ತೂ ತಿಂದಿರಲಿಲ್ಲ.

"ನೀನೆಲ್ಲಿ ಕೂರ್ತೀಯ?"

"ಎಲ್ಲಿ ಅಂದ್ರೆ? ಯಾವಾಗಲೂ ಕೂರೋ ಕಡೆ. ನಿನ್ನೆದುರಿಗೆ."

"ಸರಿ, ಎಸೀತೀನಿ."

ಅಮ್ಮ ಬಾಯಿ ತೆರೆದಳು. "ಗೇಲನ್, ಬೆಳಿಗ್ಗೆಯಿಂದ ಎಸೆದಿದ್ದಾಳೆ..."

"ಇದೊಂದೇ ರೋಂಡಾ. ಇದಾದ ಮೇಲೆ ಚಳಿಗಾಲ ಪೂರ್ತಿ ಮಲಗ್ಲಿ ಬೇಕಾದ್ರೆ."

ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅಪ್ಪ ಬಲೆಯ ಹಿಂದೆ, ಲೇನಿಗೆ ನೇರ ಎದುರಾಗಿ, ಬಕೆಟ್ ಮೇಲೆ ಕೂತ. ಪಕ್ಕದಲ್ಲೇ ಹಳದಿ ಟೋಪಿ. ಲೇನಿ ಎಸೆದಳು, ಎಸೆದಳು. ಎದುರಿನ ಹುಡುಗಿಯರು ಬ್ಯಾಟ್ ಬೀಸಿ, ಚೆಂಡು ತಾಗದೆ, ಸೂರ್ಯಕಾಂತಿ ಬೀಜ ಉಗುಳುತ್ತ ವಾಪಸ್ ಹೋಗುತ್ತಿದ್ದರು. ಆಮೇಲೆ ಒಬ್ಬಳು ಎತ್ತರದ ಹುಡುಗಿ ಬಂದು ನಿಂತಳು. ಲೇನಿಯ ಕೈ ಎಂದಿನ ವೇಗದಲ್ಲೇ ಸುತ್ತಿತು. ಚೆಂಡು ಮಾತ್ರ ಬರಲೇ ಇಲ್ಲ ಅನ್ನಿಸುವಷ್ಟು ನಿಧಾನವಾಗಿ ಬಂತು. ಸಾಬೂನಿನ ಗುಳ್ಳೆಯ ಹಾಗೆ ತೇಲಿ ಬಂತು. ಎತ್ತರದ ಹುಡುಗಿ ಅದು ಬರುವ ಮೊದಲೇ ಬ್ಯಾಟ್ ಬೀಸಿ, ಸುತ್ತಿ, ಮಣ್ಣಿಗೆ ಬಿದ್ದಳು.

ಇಡೀ ಕಟ್ಟೆ ಎದ್ದು ಚಪ್ಪಾಳೆ ತಟ್ಟಿತು. ಕೈ ಬೀಸುವುದು ವೇಗವಾಗಿ, ಚೆಂಡು ಬಿಡುವುದು ನಿಧಾನವಾಗಿ. ಈ ಆಟದಲ್ಲಿ ಇದಕ್ಕಿಂತ ದೊಡ್ಡ ಜಾಣತನವಿಲ್ಲ. ವರ್ಷಗಟ್ಟಲೆ ಕಲಿತರೂ ಎಲ್ಲರಿಗೂ ಒಲಿಯದ ಎಸೆತ ಅದು.

"ಅಬ್ಬಾ, ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ ಮಗಳೇ? ಇನ್ನೊಂದು ಹಾಕು ಅಂಥದ್ದೇ" ಅಂತ ಅಪ್ಪ ಬಕೆಟ್ ಮೇಲೆ ತೊಡೆ ತಟ್ಟಿದ.

ಹಳದಿ ಟೋಪಿಯೂ ನಕ್ಕಳು. ನಾನು ಲೇನಿಯ ಮುಖ ನೋಡುತ್ತಿದ್ದೆ. ಅಪ್ಪ ಕಲಿಸದ ಎಸೆತ ಅವಳಿಗೆ ಯಾವುದೂ ಇರಲಿಲ್ಲ. ಇದನ್ನು ಅಪ್ಪ ಕಲಿಸಿರಲಿಲ್ಲ.

ಅವಳು ಅಪ್ಪನ ಕಡೆ ನೋಡಿದಳು. ಮತ್ತೆ ಕೈ ಸುತ್ತಿಸಿದಳು. ಮತ್ತೆ ಅದೇ ತೇಲುವ ಚೆಂಡು, ಮತ್ತೆ ಚಪ್ಪಾಳೆ. ಚೆಂಡು ಹಿಡಿಯುವ ಮಕೇಲಾ ಮುಖಕವಚ ತಲೆಗೇರಿಸಿ ಲೇನಿಯ ಹತ್ತಿರ ಹೋದಳು. ಏನೋ ಕೇಳಿದಳು. ಲೇನಿ ಏನಿಲ್ಲವೆಂದು ತಲೆಯಾಡಿಸಿದಳು. ಮಕೇಲಾ ನಮ್ಮ ಕಡೆ ತಿರುಗಿ ನೋಡುತ್ತ ನೋಡುತ್ತ ವಾಪಸ್ ಬಂದು ಕೂತಳು. ಅದರ ಮುಂದಿನ ಚೆಂಡು ಗಾಳಿಗೆ ಏರಲೇ ಇಲ್ಲ. ಲೇನಿಯ ಕಾಲ ಬಳಿ ಬಿದ್ದು, ಮಣ್ಣಿನಲ್ಲಿ ಉರುಳಿ, ಅರ್ಧ ದಾರಿಯಲ್ಲಿ ನಿಂತಿತು. ಕಟ್ಟೆಯ ಮೇಲೆ ಯಾರೋ ನಕ್ಕರು, ಕೈ ಜಾರಿತೆಂದು. ಲೇನಿ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಎಳೆ ಮಗುವನ್ನು ಎತ್ತಿಕೊಂಡವರು ನಿಲ್ಲುವ ಹಾಗೆ.

ಅಪ್ಪ ಎದ್ದ ರಭಸಕ್ಕೆ ಬಕೆಟ್ ಉರುಳಿತು.

ಎಕ್ಸ್‌ರೇ ನೋಡಿದ ವೈದ್ಯೆ ಮುಂದೋಳಿನ ಮೂಳೆಯನ್ನು ತೋರಿಸಿದಳು. "ಇದು ಇವತ್ತು ಒಡೆದದ್ದಲ್ಲ. ಕೂದಲೆಳೆ ಬಿರುಕು ಬಹಳ ದಿನದಿಂದ ಇದೆ. ಅದರ ಮೇಲೇ ಎಸೀತಾ ಹೋಗಿದ್ದಾಳೆ. ಭುಜದ ಒಳಗೂ ಹರಿದಿದೆ. ಯಾವಾಗಿಂದ ನೋವಮ್ಮ?"

"ಈಸ್ಟರ್‌ನಿಂದ."

"ಕೆಳಗಿಂದ ಎಸೆಯೋದು ಡಾಕ್ಟ್ರೇ" ಅಂದ ಅಪ್ಪ. "ಕೆಳಗಿಂದ ಎಸೆದ್ರೆ..."

ವೈದ್ಯೆ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಬರೆಯಬಹುದು, ಕಾರು ಓಡಿಸಬಹುದು, ಮಗುವನ್ನು ಎತ್ತಿಕೊಳ್ಳಬಹುದು, ಆದರೆ ಇನ್ನು ಹಾಗೆ ಎಸೆಯುವುದು ಬೇಡ ಎಂದಳು. ಹಳದಿ ಟೋಪಿಯ ಕಾಲೇಜು ಲೇನಿಗೆ ಸಿಗಬಹುದಾಗಿದ್ದ ಜಾಗವನ್ನು ಬೇರೊಬ್ಬ ಹುಡುಗಿಗೆ ಕೊಟ್ಟಿತೆಂದು ಸ್ಟೆಗ್ಮನ್ ಫೋನ್ ಮಾಡಿ ಹೇಳಿದ. ಪಂದ್ಯದ ದಿನ ಆಕೆ ತನ್ನ ಕುರ್ಚಿ ಮಡಚಿಕೊಂಡು, ಒಂದು ಗಳಿಗೆ ಲೇನಿಯ ಕಡೆ ನೋಡಿ ನಿಂತು, ಆಮೇಲೆ ಪಕ್ಕದ ಮೈದಾನಕ್ಕೆ ಹೋಗಿದ್ದಳು. ಕೆಟ್ಟವಳಲ್ಲ. ಅಲ್ಲಿ ಇನ್ನೊಬ್ಬಳು ಎಸೆಯುತ್ತಿದ್ದಳು.

ಊರಿಗೆ ಬಂದಾಗ ಕೊಯ್ಲು ಮುಗಿದು ಹೊಲಗಳಲ್ಲಿ ಕೂಳೆ ಉಳಿದಿತ್ತು. ಅಜ್ಜಿ ಲೇನಿಯ ಪ್ಲಾಸ್ಟರ್ ಹಾಕಿದ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಲೇನಿ ನಿದ್ದೆಹೋದ ಮೇಲೆ ನಾನು ಕೇಳಿದೆ.

"ಆ ಹುಡುಗಿ ಗಂಟೆ ಬಾರಿಸ್ತಿದ್ದಾಗ ಅವಳಪ್ಪ ಏನ್ ಮಾಡ್ತಿದ್ದ ಅಜ್ಜಿ?"

ಅಜ್ಜಿ ಕಿಟಕಿಯ ಆಚೆ ನೋಡಿದಳು. ಅಲ್ಲಿ ಅವಳ ಮಗ ಹುಲ್ಲಿನ ಮೇಲೆ ನೀರಿನ ಪೈಪ್ ಹಿಡಿದು, ಒಂದೇ ಜಾಗಕ್ಕೆ ನೀರು ಬಿಡುತ್ತ ನಿಂತಿದ್ದ.

"ಒಲೆ ಮುಂದೆ ಕೂತು ಸೂಪು ಕುಡೀತಿದ್ದ ಕಣೆ. ಅಕ್ಕಪಕ್ಕದವರನ್ನ ಕರೆದು ತೋರಿಸ್ತಿದ್ದ, ಕೇಳಿ ಕೇಳಿ, ನನ್ನ ಮಗಳು ಎಷ್ಟು ಚೆನ್ನಾಗಿ ಬಾರಿಸ್ತಾಳೆ ಅಂತ."

ಮಾರನೆಯ ಸಂಜೆ ಅಪ್ಪ ಹಿತ್ತಲಿಗೆ ಹೋಗಿ ಬಕೆಟ್ ಮೇಲೆ ಕೂತ. ರೂಢಿಯೋ, ಬೇರೆಲ್ಲೂ ಕೂರಲು ತೋಚಲಿಲ್ಲವೋ. ಗ್ಲೌಸ್ ಮೊಣಕಾಲ ಮೇಲಿತ್ತು. ಲೇನಿ ಬಾಗಿಲು ತಳ್ಳಿಕೊಂಡು ಹೊರಗೆ ಹೋಗಿ, ತಾನು ಯಾವಾಗಲೂ ನಿಲ್ಲುವ ಕಡೆಯೇ ನಿಂತಳು. ಅಲ್ಲಿ ಹುಲ್ಲು ಬೆಳೆಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ನಾನು ಮೆಟ್ಟಿಲ ಮೇಲಿದ್ದೆ.

"ಯಾಕೆ ಹೇಳ್ಲಿಲ್ಲ ಮಗಳೇ?"

"ಹೇಳಿದ್ರೆ ನೀನು ಎದ್ದುಬಿಡ್ತಿದ್ದೆ."

"ಎಲ್ಲಿಂದ?"

"ಬಕೆಟ್ ಮೇಲಿಂದ."

ಅಪ್ಪ ಅವಳನ್ನೇ ನೋಡಿದ. ಈಗ ಏನಾದರೂ ಹೇಳುತ್ತಾನೆ ಅಂದುಕೊಂಡೆ. ಬಾತುಕೋಳಿಯ ಮಾತೋ, ಯಾರದೋ ಟ್ರಕ್ಕಿನ ಮಾತೋ, ಯಾವುದಾದರೂ ಬುರುಡೆ. ಅವನ ತುಟಿ ಅಲ್ಲಾಡಿತು ಕೂಡ. ಆಮೇಲೆ ಬೇರೆಯವರ ಜಾಗದಲ್ಲಿ ಕೂತಿದ್ದವನ ಹಾಗೆ ಮೆಲ್ಲಗೆ ಎದ್ದು, ಬಕೆಟ್ ಎತ್ತಿಕೊಂಡು ಗ್ಯಾರೇಜಿನೊಳಗೆ ಹೋದ. ಲೇನಿ ಆ ಬೋಳು ನೆಲದ ಮೇಲೇ ನಿಂತಿದ್ದಳು.

ಅವಳು ಹೆದರಿದ್ದೇ ಆಯಿತು. ಆ ಬೇಸಿಗೆಯಲ್ಲಿ ಅವರಿಬ್ಬರ ನಡುವೆ ಮಾತಿಗೆ ಜಾಗ ಸಿಗಲಿಲ್ಲ. ಅಪ್ಪ ಅವಳನ್ನು ಪ್ಲಾಸ್ಟರ್ ಬಿಚ್ಚಿಸಲು ಕರೆದುಕೊಂಡು ಹೋದ, ಪಕ್ಕದ ಪಟ್ಟಣದ ಸಣ್ಣ ಕಾಲೇಜಿಗೆ ಸೇರಿಸಲು ವಿಚಾರಿಸಿ ಬಂದ, ದಾರಿಯಲ್ಲಿ ಟೈರಿನ ಗಾಳಿಯ ಬಗ್ಗೆ ಮಾತಾಡಿದನಂತೆ. "ಹೋಗುವಾಗಲೂ ಟೈರು, ಬರುವಾಗಲೂ ಟೈರು ಕಣೆ" ಅಂದಳು ಲೇನಿ. ನಗಲು ನೋಡಿದಳು, ಆಗಲಿಲ್ಲ.

ಶಾಲೆ ಶುರುವಾಗುವ ಮುಂಚಿನ ಒಂದು ಸಂಜೆ ನಾವೆಲ್ಲ ಊಟಕ್ಕೆ ಕೂತಿದ್ದೆವು. ಅಜ್ಜಿಯ ಬೀನ್ಸ್ ಸೂಪು. ತೆರೆದ ಕಿಟಕಿಯಿಂದ ವಾಸಿಂಜರ್ ಹಿತ್ತಲಿನ ಸದ್ದು ಬರುತ್ತಿತ್ತು. ಠಪ್. ಸ್ವಲ್ಪ ಮೌನ. ಮತ್ತೆ ಠಪ್. ಅಮ್ಮ ಕಿಟಕಿ ಮುಚ್ಚಲು ಎದ್ದಳು.

"ಇರ್ಲಿ ಬಿಡು" ಅಂದರು ಅಪ್ಪ ಮತ್ತು ಲೇನಿ ಒಟ್ಟಿಗೇ.

ಇಬ್ಬರೂ ಕಿವಿಗೊಟ್ಟು ಕೂತರು. ಅಜ್ಜಿ ಚಮಚ ಕೆಳಗಿಟ್ಟಳು.

"ಯಾವಾಗಿಂದ ಎಸೀತಿದ್ದಾಳೆ ಆ ಹುಡುಗಿ?" ಅಂದ ಅಪ್ಪ.

"ಮಧ್ಯಾಹ್ನ ನಾನು ಶಾಲೆಯ ಪುಸ್ತಕ ತಂದಾಗಿಂದ ಕೇಳ್ತಿದೆ" ಅಂದೆ ನಾನು.

ಅಪ್ಪ ಕುರ್ಚಿ ಹಿಂದೆ ಸರಿಸಿ ಎದ್ದ. ಟೋಪಿ ಹಾಕಿಕೊಂಡು ಬೀದಿ ದಾಟಿ ಹೋದ. ಸದ್ದು ನಿಂತಿತು. ಡ್ವೇನ್‌ನ ದನಿ, ಅಪ್ಪನ ದನಿ, ಗೊಣಗು ಗೊಣಗಾಗಿ ಕೇಳಿಸಿತು. ಲೇನಿ ಎಡಗೈಯಲ್ಲಿ ಚಮಚ ಹಿಡಿದು ಅಲ್ಲಾಡದೆ ಕೂತಿದ್ದಳು. ಡ್ವೇನ್ ಒಮ್ಮೆ ನಕ್ಕ. "ನಿಮ್ಮ ಹುಡುಗಿದು ಬೇರೆ ಗೇಲನ್" ಅಂದದ್ದು ಸ್ಪಷ್ಟವಾಗಿಯೇ ಕೇಳಿತು.

ಅಪ್ಪ ಬೀದಿಯ ಮಧ್ಯಕ್ಕೆ ಬರುವಷ್ಟರಲ್ಲಿ ಅದು ಮತ್ತೆ ಶುರುವಾಯಿತು. ಠಪ್. ಅವನು ಅಲ್ಲೇ ನಿಂತ. ಬೀದಿ ದೀಪ ಹೊತ್ತಿಕೊಂಡಿತು. ಒಳಗೆ ಬಂದು, ಟೋಪಿ ತೆಗೆದು, ಆರಿಹೋದ ಸೂಪಿನ ಮುಂದೆ ಕೂತ. ಲೇನಿ ಬ್ರೆಡ್ಡಿನ ತಟ್ಟೆಯನ್ನು ಅವನ ಕಡೆಗೆ ತಳ್ಳಿದಳು, ಬಲಗೈಯಿಂದ, ಮೆಲ್ಲಗೆ.